‘ಅರ್ಥವಾಯಿತು ಸಾರ್’ ಎಂಬ ಮಾತಿನ ಬೆಲೆ

‘ಅರ್ಥವಾಯಿತೇ ಮಕ್ಕಳೇ?’ ಎಂದು ಮೇಷ್ಟರು ಕೇಳುತ್ತಾರೆ. ‘ಆಯಿತು ಸಾರ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ರಾಗ ಎಳೆಯುತ್ತದೆ. ಕನ್ನಡನಾಡಿನ ಯಾವ ಶಾಲೆಯ ಮುಂದೆ ಹಾದುಹೋದರೂ ಕಿವಿಗೆ ಬೀಳುವ ಪ್ರಶ್ನೋತ್ತರ ಇದು. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರ ವಿನಯದಿಂದ ಕೂಡಿದ್ದು. ಆದರೆ ಆ ಉತ್ತರದಿಂದ ಮೇಷ್ಟರಿಗೆ ತಿಳಿಯುವುದೇನು? ಮುಂದಿನ ಬೆಂಚಿನ ನಾಲ್ಕೈದು ಮಂದಿ ನಿಜವಾಗಿ ಅರ್ಥವಾದ್ದರಿಂದ ಹೇಳಿರುತ್ತಾರೆ. ನಡುವಿನವರು ಮುಂದಿನವರು ಹೇಳಿದರೆಂದು ಹೇಳಿರುತ್ತಾರೆ. ಹಿಂದಿನವರು ಎಬ್ಬಿಸಿ ನಿಲ್ಲಿಸಿಯಾರೆಂಬ ಭಯದಿಂದ ಹೇಳಿರುತ್ತಾರೆ. ಪಾಠ ಮುಂದೆ ಸಾಗುತ್ತದೆ. ಅರ್ಥವಾಗದೆ ಉಳಿದದ್ದು ಮಗುವಿನ ಜೊತೆಯಲ್ಲೇ ಮುಂದಿನ ತರಗತಿಗೆ ತೇರ್ಗಡೆಯಾಗುತ್ತದೆ.

ಅದು ಮತ್ತೆ ಮುಖ ತೋರಿಸುವುದು ಪರೀಕ್ಷೆಯ ದಿನ. ಐದನೇ ತರಗತಿಯಲ್ಲಿ ಭಿನ್ನರಾಶಿ ಹಿಡಿಯದ ಹುಡುಗ ಏಳನೆಯದರಲ್ಲಿ ಶೇಕಡಾ ಲೆಕ್ಕಕ್ಕೆ ತಡವರಿಸುತ್ತಾನೆ. ಒಂಬತ್ತರಲ್ಲಿ ಬೀಜಗಣಿತಕ್ಕೆ ಹೆದರುತ್ತಾನೆ. ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಗಣಿತದ ಹೆಸರೆತ್ತಿದರೆ ಊಟ ಬಿಡುತ್ತಾನೆ. ಆಗ ಮನೆಯಲ್ಲಿ ಗದರಿಕೆ, ಟ್ಯೂಷನ್ನಿಗಾಗಿ ಹುಡುಕಾಟ, ದೇವರಿಗೆ ಹರಕೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ತಪ್ಪು ಹುಟ್ಟಿದ ದಿನವೇ ಯಾರಾದರೂ ಅದನ್ನು ಕಂಡುಹಿಡಿದಿದ್ದರೆ ಎಷ್ಟೋ ಸುಲಭದಲ್ಲಿ ತಿದ್ದಬಹುದಾಗಿತ್ತು.

ಈ ‘ಅಂದೇ ಕಂಡುಹಿಡಿಯುವ’ ಕೆಲಸಕ್ಕೆ ಶಿಕ್ಷಣಶಾಸ್ತ್ರದಲ್ಲಿ ರೂಪಣಾತ್ಮಕ ಮೌಲ್ಯಮಾಪನ ಎಂದು ಹೆಸರು. ಕಲಿಕೆ ಮುಗಿದ ಮೇಲೆ ಇಷ್ಟು ಕಲಿತ ಎಂದು ಅಳೆಯುವುದು ಸಂಕಲನಾತ್ಮಕ. ಕಲಿಯುತ್ತಿರುವಾಗಲೇ ಅಳೆದು, ಕಂಡದ್ದಕ್ಕೆ ತಕ್ಕಂತೆ ಪಾಠವನ್ನು ತಿರುಗಿಸುವುದು ರೂಪಣಾತ್ಮಕ. ಇವೆರಡನ್ನೂ ಬೇರ್ಪಡಿಸಿ 1967ರಲ್ಲಿ ಹೆಸರಿಟ್ಟವರು ಮೈಕೆಲ್ ಸ್ಕ್ರಿವೆನ್. ಅದನ್ನು ಮಕ್ಕಳ ಕಲಿಕೆಗೆ ಅನ್ವಯಿಸಿದವರಲ್ಲಿ ಬೆಂಜಮಿನ್ ಬ್ಲೂಮ್ ಮುಖ್ಯರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ಈ ವಿಷಯದ ಸುಮಾರು 250 ಅಧ್ಯಯನಗಳನ್ನು ಪರಾಮರ್ಶಿಸಿ, ಸರಿಯಾಗಿ ನಡೆದ ರೂಪಣಾತ್ಮಕ ಮೌಲ್ಯಮಾಪನ ಮಕ್ಕಳ ಕಲಿಕೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ, ಹಿಂದುಳಿದ ಮಕ್ಕಳಿಗಂತೂ ಇನ್ನೂ ಹೆಚ್ಚು ನೆರವಾಗುತ್ತದೆ ಎಂದು ತೋರಿಸಿದರು.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನದ ಮಾತೆತ್ತಿತು. ಎಫ್.ಎ., ಎಸ್.ಎ. ಎಂಬ ಅಕ್ಷರಗಳು ಕರ್ನಾಟಕದ ಮನೆಮನೆಯ ಮಾತಾದದ್ದು ಅದರ ನಂತರವೇ. ಆದರೆ ಆದದ್ದೇನು? ಎಷ್ಟೋ ಕಡೆ ಎಫ್.ಎ. ಎಂದರೆ ಇನ್ನೊಂದು ಸಣ್ಣ ಪರೀಕ್ಷೆ ಎಂದಾಯಿತು. ಅದಕ್ಕೂ ಅಂಕ, ಅದಕ್ಕೂ ಬಾಯಿಪಾಠ, ಅದಕ್ಕೂ ‘ಪಕ್ಕದ ಮನೆಯವನಿಗೆ ಎಷ್ಟು ಬಂತು’ ಎಂಬ ವಿಚಾರಣೆ. ಅಂಕ ರಿಜಿಸ್ಟರು ಸೇರಿತು. ತಪ್ಪು ಇದ್ದಲ್ಲೇ ಉಳಿಯಿತು.

ಇದಕ್ಕೆ ಉಪಾಧ್ಯಾಯರನ್ನಷ್ಟೇ ದೂರಿ ಫಲವಿಲ್ಲ. ನಲವತ್ತು ಮಕ್ಕಳು, ನಲವತ್ತು ನಿಮಿಷದ ಅವಧಿ. ಮಗುವಿಗೊಂದು ನಿಮಿಷ ಕೊಟ್ಟರೆ ಪಾಠಕ್ಕೆ ಸಮಯವೇ ಇಲ್ಲ. ಇಂಥ ಕಡೆ ನೆರವಿಗೆ ಬರಬಲ್ಲ ಉಪಕರಣವೆಂದು ಟ್ಯಾಬ್ಲೆಟ್ ತರಗತಿಯೊಳಕ್ಕೆ ಕಾಲಿಟ್ಟಿದೆ.

ಗುಳಿಗೆಯಲ್ಲ, ಸ್ಲೇಟು

ಟ್ಯಾಬ್ಲೆಟ್ ಎಂದರೆ ಜ್ವರದ ಗುಳಿಗೆ ಎಂದಷ್ಟೇ ತಿಳಿದಿದ್ದ ಕಾಲವೊಂದಿತ್ತು. ಅಂಗೈಯಲ್ಲಿ ಹಿಡಿಯುವ ಗಣಕದ ಕನಸು ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ನಗರದ ತಂತ್ರಜ್ಞರು ಸೇರಿ ‘ಸಿಂಪ್ಯೂಟರ್’ ಎಂಬ ಅಗ್ಗದ ಕೈಗಣಕವನ್ನು ರೂಪಿಸಿದ್ದು 2001ರ ಸುಮಾರಿನಲ್ಲಿ. ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. 2010ರಲ್ಲಿ ಆಪಲ್ ಕಂಪೆನಿಯ ಐಪ್ಯಾಡ್ ಬಂದ ಮೇಲೆ ಲೋಕವೆಲ್ಲ ಟ್ಯಾಬ್ಲೆಟ್ಟಿನ ಕಡೆ ತಿರುಗಿತು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿತು. ಬ್ಯಾಟರಿ ಬೇಗ ಬರಿದಾಗುತ್ತದೆ, ತೆರೆ ಸ್ಪರ್ಶಕ್ಕೆ ಸರಿಯಾಗಿ ಓಗೊಡುವುದಿಲ್ಲ ಎಂಬ ದೂರುಗಳ ನಡುವೆ ಆ ಉತ್ಸಾಹವೂ ಇಳಿಯಿತು.

ಹೆಸರಿನ ಮೂಲ ನೋಡಿದರೆ ಟ್ಯಾಬ್ಲೆಟ್ ಎಂದರೆ ಹಲಗೆ, ಫಲಕ. ಅಂದರೆ ನಮ್ಮ ಹಳೆಯ ಸ್ಲೇಟೇ! ಸ್ಲೇಟಿನ ಕಾಲದ ಮೇಷ್ಟರು ಬಾಯಿಲೆಕ್ಕ ಕೇಳುತ್ತಿದ್ದ ರೀತಿಯನ್ನು ಅಜ್ಜ ಅಜ್ಜಿಯರು ಇಂದಿಗೂ ಹೇಳಬಲ್ಲರು. ಲೆಕ್ಕ ಹೇಳಿ ಮುಗಿಸಿದೊಡನೆ ಎಲ್ಲರೂ ಉತ್ತರ ಬರೆದು ಸ್ಲೇಟು ಕವುಚಿ ಇಡಬೇಕು. ‘ಎತ್ತಿ’ ಎಂದಾಗ ಒಟ್ಟಿಗೆ ಎತ್ತಿ ತೋರಿಸಬೇಕು. ಕ್ಷಣದಲ್ಲಿ ಇಡೀ ತರಗತಿಯ ತಿಳಿವಳಿಕೆ ಮೇಷ್ಟರ ಕಣ್ಣ ಮುಂದೆ. ಪಕ್ಕದವನದನ್ನು ನೋಡಿ ಬರೆಯಲು ಆಸ್ಪದವಿಲ್ಲ, ಮೌನದಲ್ಲಿ ಅಡಗಿಕೊಳ್ಳಲೂ ಆಸ್ಪದವಿಲ್ಲ. ರೂಪಣಾತ್ಮಕ ಮೌಲ್ಯಮಾಪನ ಎಂಬ ಹೆಸರು ಹುಟ್ಟುವ ಮೊದಲೇ ಅದು ಇಲ್ಲಿ ನಡೆದಿತ್ತು. ನೋಟುಬುಕ್ಕು ಬಂದು ಸ್ಲೇಟು ಹೋಯಿತು. ಅದರೊಂದಿಗೆ ಆ ನೋಟವೂ ಹೋಯಿತು. ಟ್ಯಾಬ್ಲೆಟ್ ಅದನ್ನು ಮರಳಿ ತರಬಲ್ಲದು. ಜೊತೆಗೆ ಸ್ಲೇಟಿಗೆ ಇಲ್ಲದ ಒಂದು ಶಕ್ತಿ ಅದಕ್ಕಿದೆ: ಉತ್ತರಗಳನ್ನು ಎಣಿಸಿ, ವಿಂಗಡಿಸಿ, ನಾಳೆಗೂ ನೆನಪಿಟ್ಟುಕೊಳ್ಳುವುದು.

ಪ್ರಶ್ನೆಯಲ್ಲೇ ಇರುವ ಗುಟ್ಟು

ಆದರೆ ಯಂತ್ರ ಎಷ್ಟೇ ಚುರುಕಾಗಿದ್ದರೂ ಅದರಲ್ಲಿ ಹಾಕುವ ಪ್ರಶ್ನೆ ಮೊಂಡಾಗಿದ್ದರೆ ಪ್ರಯೋಜನವಿಲ್ಲ. ದಶಮಾಂಶದ ಒಂದು ಉದಾಹರಣೆ ನೋಡಬಹುದು. 0.6, 0.15, 0.348: ಈ ಮೂರರಲ್ಲಿ ಅತಿ ದೊಡ್ಡದು ಯಾವುದು? ಸರಿಯುತ್ತರ 0.6. ಆದರೆ ಸರಿಯುತ್ತರ ಕೊಟ್ಟವರೆಲ್ಲ ದಶಮಾಂಶವನ್ನು ತಿಳಿದವರೇ?

ಮಕ್ಕಳು ದಶಮಾಂಶವನ್ನು ಹೇಗೆ ತಪ್ಪು ತಿಳಿಯುತ್ತಾರೆ ಎಂಬುದನ್ನು ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ, ವಿಕಿ ಸ್ಟೈನ್ಲ್ ಮೊದಲಾದವರು ಆಳವಾಗಿ ಅಭ್ಯಸಿಸಿದ್ದಾರೆ. ಸಾಮಾನ್ಯ ತಪ್ಪುಗಳಲ್ಲಿ ಎರಡು ಮುಖ್ಯ. ಒಂದು, ‘ಉದ್ದವಾದದ್ದು ದೊಡ್ಡದು’ ಎಂಬ ನಂಬಿಕೆ: ಮುನ್ನೂರ ನಲವತ್ತೆಂಟು ಆರಕ್ಕಿಂತ ದೊಡ್ಡದಲ್ಲವೇ? ಎರಡು, ‘ಗಿಡ್ಡವಾದದ್ದು ದೊಡ್ಡದು’ ಎಂಬ ನಂಬಿಕೆ: ಸಾವಿರದ ಭಾಗ ಹತ್ತರ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದು! ಈ ಎರಡನೇ ಗುಂಪಿನ ಮಗು ‘ಅತಿ ದೊಡ್ಡದು ಯಾವುದು’ ಎಂದರೆ 0.6 ಎನ್ನುತ್ತದೆ. ಉತ್ತರ ಸರಿ, ತಿಳಿವಳಿಕೆ ತಪ್ಪು. ಪೂರ್ತಿ ಅಂಕ ಪಡೆದು ಮುಂದೆ ಹೋಗುತ್ತದೆ.

ಈಗ ಒಂದೇ ಒಂದು ಶಬ್ದ ಬದಲಾಯಿಸಿ ‘ಅತಿ ಚಿಕ್ಕದು ಯಾವುದು’ ಎಂದು ಕೇಳಿದರೆ ಏನಾಗುತ್ತದೆ ನೋಡಿ. ತಿಳಿದವರು 0.15 ಎನ್ನುತ್ತಾರೆ. ಉದ್ದವೇ ದೊಡ್ಡದೆನ್ನುವವರು 0.6 ಎನ್ನುತ್ತಾರೆ. ಗಿಡ್ಡವೇ ದೊಡ್ಡದೆನ್ನುವವರು 0.348 ಎನ್ನುತ್ತಾರೆ. ಮೂರು ಉತ್ತರ, ಮೂರು ಬಗೆಯ ಆಲೋಚನೆ! ತೆರೆಯ ಮೇಲೆ ಮೂರು ಕಂಬಗಳ ನಕ್ಷೆ ಮೂಡುತ್ತದೆ. ನಲವತ್ತರಲ್ಲಿ ಹನ್ನೆರಡು ಮಂದಿ 0.6 ಎಂದಿದ್ದರೆ, ಮೇಷ್ಟರಿಗೆ ಆ ಹನ್ನೆರಡು ಮಂದಿ ತಪ್ಪಿದ್ದಾರೆ ಎನ್ನುವುದರ ಜೊತೆಗೆ ಏಕೆ ತಪ್ಪಿದ್ದಾರೆ ಎನ್ನುವುದೂ ಗೊತ್ತಾಗುತ್ತದೆ. ಅವರಿಗೆ ಮೀಟರ್ ಪಟ್ಟಿ ತೋರಿಸಿ, 0.6 ಮೀಟರ್ ಎಂದರೆ 60 ಸೆಂಟಿಮೀಟರ್, 0.15 ಮೀಟರ್ ಎಂದರೆ ಬರೀ 15 ಸೆಂಟಿಮೀಟರ್ ಎಂದರೆ ಕಣ್ಣು ತೆರೆಯುತ್ತದೆ.

ಈ ತಪ್ಪು ಹುಟ್ಟುವುದು ದಡ್ಡತನದಿಂದಲ್ಲ ಎಂಬುದನ್ನೂ ಪಾಲಕರು ಗಮನಿಸಬೇಕು. 5.25 ರೂಪಾಯಿಯನ್ನು ‘ಐದು ರೂಪಾಯಿ ಇಪ್ಪತ್ತೈದು ಪೈಸೆ’ ಎಂದೇ ಮನೆಯಲ್ಲಿ ಓದುತ್ತಾರೆ. ಕ್ರಿಕೆಟ್ಟಿನಲ್ಲಿ 4.3 ಓವರ್ ಎಂದರೆ ನಾಲ್ಕು ಓವರು, ಮೂರು ಚೆಂಡು, ಅಲ್ಲಿ 4.5ರ ನಂತರ ಮುಂದಿನ ಚೆಂಡಿಗೆ ಐದೇ ಓವರು! ಬಿಂದುವಿನ ಈಚೆಗೊಂದು ಸಂಖ್ಯೆ, ಆಚೆಗೊಂದು ಸಂಖ್ಯೆ ಎಂದು ಮಗು ತಿಳಿದರೆ ಅದರಲ್ಲಿ ತರ್ಕವೇ ಇದೆ. ಆ ತರ್ಕವನ್ನು ಕಂಡುಹಿಡಿದು ತಿದ್ದಬೇಕೇ ಹೊರತು ಬೈದರೆ ಅದು ಇನ್ನಷ್ಟು ಒಳಗೆ ಅಡಗುತ್ತದೆ.

ತಿಳಿದ ಮೇಲೆ ಮಾಡುವುದೇನು?

ಉತ್ತರಗಳನ್ನು ಕಂಡ ಮೇಲೆ ಪಾಠ ಬದಲಾಗದಿದ್ದರೆ ಕಂಡದ್ದು ವ್ಯರ್ಥ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬೆಳೆಸಿದ ಪದ್ಧತಿಯೊಂದು ಇಲ್ಲಿ ಉಪಯುಕ್ತ. ಪಾಠದ ನಡುವೆ ಒಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಾವಾಗಿ ಉತ್ತರಿಸಬೇಕು. ಬಹುಪಾಲು ಮಂದಿ ಸರಿಯಾಗಿ ಉತ್ತರಿಸಿದರೆ ಪಾಠ ಮುಂದಕ್ಕೆ. ಮೂರನೇ ಒಂದು ಭಾಗವೂ ಸರಿಯಿಲ್ಲದಿದ್ದರೆ ಬೇರೆ ರೀತಿಯಲ್ಲಿ ಮತ್ತೆ ಪಾಠ. ಇವೆರಡರ ನಡುವೆ ಇದ್ದರೆ? ಆಗ ಪಕ್ಕದವರೊಡನೆ ಚರ್ಚೆ. ‘ನಿನ್ನ ಉತ್ತರ ಏಕೆ ಸರಿ, ನನಗೆ ಒಪ್ಪಿಸು’ ಎಂದು ಒಬ್ಬರಿಗೊಬ್ಬರು ಹೇಳಬೇಕು. ಕೆಲವು ನಿಮಿಷಗಳ ನಂತರ ಅದೇ ಪ್ರಶ್ನೆಗೆ ಮತ್ತೆ ಉತ್ತರ. ನಿನ್ನೆಯಷ್ಟೇ ಕಲಿತ ಗೆಳೆಯನಿಗೆ, ಎಲ್ಲಿ ಎಡವುತ್ತಾರೆ ಎಂಬುದು ಬಹುಕಾಲದ ಹಿಂದೆ ಕಲಿತ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಗೊತ್ತಿರುತ್ತದಲ್ಲವೇ!

ಇಲ್ಲಿ ಒಂದು ಎಚ್ಚರಿಕೆ. ಮೂರು ಆಯ್ಕೆಗಳಿರುವ ಪ್ರಶ್ನೆಗೆ ಕಣ್ಣು ಮುಚ್ಚಿ ಬೆರಳಿಟ್ಟರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗಬಹುದು. ಆದ್ದರಿಂದ ಒಂದೇ ಪ್ರಶ್ನೆಯ ಮೇಲೆ ತೀರ್ಮಾನ ಕೂಡದು. ಇನ್ನೊಂದು ಪ್ರಶ್ನೆ, ಜೊತೆಗೆ ‘ಏಕೆ’ ಎಂಬ ಮಾತು ಬೇಕೇ ಬೇಕು.

ಒಂದೇ ಟ್ಯಾಬ್ಲೆಟ್ ಸಾಕು

ಇಷ್ಟೆಲ್ಲ ಓದಿ ‘ಮಗುವಿಗೊಂದು ಟ್ಯಾಬ್ಲೆಟ್ ಕೊಡಿಸುವ ಶಕ್ತಿ ಎಲ್ಲಿಂದ ತರೋಣ’ ಎಂದು ತಂದೆತಾಯಿಗಳು ಕಂಗೆಡಬೇಕಿಲ್ಲ. ಇಡೀ ತರಗತಿಗೆ ಮೇಷ್ಟರ ಕೈಯಲ್ಲಿ ಒಂದು ಇದ್ದರೂ ಕೆಲಸ ನಡೆಯುತ್ತದೆ. ‘ಪ್ಲಿಕರ್ಸ್’ ಎಂಬ ವಿಧಾನದಲ್ಲಿ ಪ್ರತಿ ಮಗುವಿಗೂ ಕಪ್ಪು ಬಿಳುಪು ಚೌಕದ ಒಂದು ಕಾಗದದ ಕಾರ್ಡು ಇರುತ್ತದೆ. ಕಾರ್ಡಿನ ನಾಲ್ಕು ಬದಿಗೆ ನಾಲ್ಕು ಉತ್ತರ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡನ್ನು ತಿರುಗಿಸಿ ಎತ್ತಿ ಹಿಡಿದರಾಯಿತು. ಮೇಷ್ಟರು ಟ್ಯಾಬ್ಲೆಟ್ಟಿನ ಅಥವಾ ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಒಮ್ಮೆ ಆಡಿಸಿದರೆ ಯಾರ ಉತ್ತರ ಏನು ಎಂಬುದು ದಾಖಲಾಗುತ್ತದೆ. ಒಬ್ಬೊಬ್ಬರ ಕಾರ್ಡಿನ ವಿನ್ಯಾಸವೂ ಬೇರೆಯಾದ್ದರಿಂದ ನೋಡಿ ನಕಲು ಮಾಡುವುದೂ ಸುಲಭವಲ್ಲ. ಹಳೆಯ ಸ್ಲೇಟೆತ್ತುವ ಆಟ ಹೊಸ ಉಡುಪಿನಲ್ಲಿ!

ಕ್ಯಾಮೆರಾದ ಇನ್ನೊಂದು ಉಪಯೋಗ ಬರವಣಿಗೆಗೆ. ಆಯ್ಕೆಯ ಉತ್ತರದಲ್ಲಿ ಲೆಕ್ಕದ ಹಂತಗಳು ಕಾಣುವುದಿಲ್ಲ. ಒಂದು ನೋಟುಬುಕ್ಕಿನ ಪುಟದ ಚಿತ್ರ ತೆಗೆದು, ಹೆಸರು ಮರೆಮಾಡಿ, ಗೋಡೆಯ ಮೇಲೆ ಮೂಡಿಸಿ, ‘ಎಲ್ಲಿಯವರೆಗೆ ಸರಿಯಿದೆ? ಎಲ್ಲಿಂದ ದಾರಿ ತಪ್ಪಿದೆ?’ ಎಂದು ಎಲ್ಲರೂ ಕೂಡಿ ನೋಡಬಹುದು. ಚಿಕ್ಕ ಮಕ್ಕಳ ಓದನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸಬಹುದು. ಅಲ್ಪಪ್ರಾಣ ಮಹಾಪ್ರಾಣ ಬೆರೆಸುವ ಮಗು ತನ್ನ ದನಿಯನ್ನು ತಾನೇ ಕೇಳಿದಾಗ, ಹತ್ತು ಸಲ ತಿದ್ದಿಸಿಕೊಂಡರೂ ಹಿಡಿಯದ ವ್ಯತ್ಯಾಸ ಒಮ್ಮೆಗೇ ಹಿಡಿದೀತು.

ಅಂಕ ಬಂದರೆ ಮಾತು ಹಿಂದೆ

ತಪ್ಪು ಕಂಡ ಮೇಲೆ ಮಗುವಿಗೆ ಹೇಳುವ ಮಾತಿಗೆ ಹಿಮ್ಮಾಹಿತಿ ಎನ್ನುತ್ತಾರೆ. ಎಲ್ಲ ಹಿಮ್ಮಾಹಿತಿಯೂ ಒಳ್ಳೆಯದನ್ನೇ ಮಾಡುವುದಿಲ್ಲ. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಕಣ್ಣು ತೆರೆಸುವಂಥದು. ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಬರೀ ಅಂಕ, ಇನ್ನೊಂದಕ್ಕೆ ಬರೀ ಟಿಪ್ಪಣಿ, ಮೂರನೆಯದಕ್ಕೆ ಅಂಕ ಮತ್ತು ಟಿಪ್ಪಣಿ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡನ್ನೂ ಪಡೆದವರಿಗೆ ದುಪ್ಪಟ್ಟು ಲಾಭವಾಗಬೇಕಿತ್ತಲ್ಲವೇ? ಆಗಲಿಲ್ಲ. ಅಂಕದ ಜೊತೆ ಬಂದ ಟಿಪ್ಪಣಿ ಆ ಲಾಭವನ್ನು ಕೊಡಲಿಲ್ಲ. 8 ಬಂದವನು ಇನ್ನು ಓದಬೇಕಿಲ್ಲವೆಂದುಕೊಳ್ಳುತ್ತಾನೆ, 3 ಬಂದವನು ಓದಲಾರೆನೆಂದುಕೊಳ್ಳುತ್ತಾನೆ. ಟಿಪ್ಪಣಿಯ ಮೇಲೆ ಇಬ್ಬರ ಕಣ್ಣೂ ನಿಲ್ಲುವುದಿಲ್ಲ. 1996ರಲ್ಲಿ ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೋ ಡಿನಿಸಿ ಹಿಮ್ಮಾಹಿತಿಯ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರರಲ್ಲಿ ಒಂದಕ್ಕೂ ಹೆಚ್ಚು ಕಡೆ ಅದರಿಂದ ಕೆಲಸ ಕೆಟ್ಟದ್ದೇ ಕಂಡಿತು.

ಟ್ಯಾಬ್ಲೆಟ್ಟಿನ ಅಪಾಯ ಇರುವುದು ಇಲ್ಲೇ. ಅದು ಬಲು ಬೇಗ, ಬಲು ಸುಲಭವಾಗಿ ಅಂಕ ಕೊಡುತ್ತದೆ. ಹಸಿರು ಗುರುತು, ಕೆಂಪು ಗುರುತು, ಚಪ್ಪಾಳೆಯ ಸದ್ದು, ಯಾರು ಮೊದಲು ಯಾರು ಕೊನೆ ಎಂಬ ಪಟ್ಟಿ. ಕೊನೆಯಲ್ಲಿ ಹೆಸರು ಕಂಡ ಮಗುವಿಗೆ ಅದು ಹೊಸ ಬಗೆಯ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆ. ಹೆಸರಿಲ್ಲದ ಕಂಬದ ನಕ್ಷೆಯನ್ನಷ್ಟೇ ತೋರಿಸಿದರೆ ಅದೇ ಮಗುವಿಗೆ ‘ನನ್ನಂತೆ ಇನ್ನೂ ಹನ್ನೊಂದು ಮಂದಿ ಇದ್ದಾರೆ’ ಎಂಬ ಧೈರ್ಯ ಬರುತ್ತದೆ. ಯಂತ್ರ ಒಂದೇ, ಬಳಸುವ ಮನಸ್ಸು ಬೇರೆ.

ಹಣ ಸುರಿದರೆ ಸಾಲದು

ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾಡಳಿತ 2013ರಲ್ಲಿ ಆರು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳಿಗೆಲ್ಲ ಐಪ್ಯಾಡ್ ಕೊಡುವ ಯೋಜನೆ ಆರಂಭಿಸಿತು. ಅಂದಾಜು ವೆಚ್ಚ ನೂರಮೂವತ್ತು ಕೋಟಿ ಡಾಲರು! ಪಾಠದ ಸಾಮಗ್ರಿ ಪೂರ್ತಿ ಸಿದ್ಧವಿರಲಿಲ್ಲ. ಕೆಲವೇ ವಾರಗಳಲ್ಲಿ ಹಿರಿಯ ತರಗತಿಯ ಹುಡುಗರು ಅದರ ಬೀಗ ಬಿಡಿಸಿ ಬೇಕಾದ್ದು ನೋಡತೊಡಗಿದರು. ಖರೀದಿಯ ಬಗ್ಗೆಯೂ ಪ್ರಶ್ನೆಗಳೆದ್ದು 2014ರಲ್ಲಿ ಒಪ್ಪಂದವನ್ನೇ ಕೈಬಿಡಬೇಕಾಯಿತು.

ಇದಕ್ಕೆ ಪ್ರತಿಯಾಗಿ ದೆಹಲಿಯ ಒಂದು ಪ್ರಯೋಗ. 2015ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಶಾಲೆಯ ನಂತರದ ಕೇಂದ್ರಗಳಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಗಣಕ ಕಾರ್ಯಕ್ರಮದ ಮೂಲಕ ಪಾಠ, ಜೊತೆಗೆ ಸಣ್ಣ ಗುಂಪಿನಲ್ಲಿ ಬೋಧಕರ ನೆರವು ಸಿಕ್ಕಿತು. ಅದನ್ನು ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯಾನ್ ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದರು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು, ಒಂಬತ್ತನೆಯವರು ನಾಲ್ಕೂವರೆಯಷ್ಟು! ಕಾರ್ಯಕ್ರಮ ಮೊದಲು ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಂಡು ಅಲ್ಲಿಂದಲೇ ಪಾಠ ಆರಂಭಿಸಿತು. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಎದ್ದು ಕಾಣುವ ಪ್ರಗತಿಯಾಯಿತು. ಲಾಸ್ ಏಂಜಲೀಸಿನಲ್ಲಿ ಮೊದಲು ಬಂದದ್ದು ಯಂತ್ರ. ದೆಹಲಿಯಲ್ಲಿ ಮೊದಲು ಬಂದದ್ದು ‘ಮಗುವಿಗೆ ಏನು ಗೊತ್ತಿಲ್ಲ’ ಎಂಬ ಪ್ರಶ್ನೆ. 2023ರಲ್ಲಿ ಯುನೆಸ್ಕೋ ಹೊರತಂದ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನವನ್ನು ಕಲಿಯುವವರ ಹಿತಕ್ಕೆ ತಕ್ಕಂತೆ ಮಾತ್ರ ಬಳಸಬೇಕೆಂದು ಎಚ್ಚರಿಸಿದೆ. ಅದೇ ವರ್ಷ ಸ್ವೀಡನ್ ಸರ್ಕಾರ ಚಿಕ್ಕ ಮಕ್ಕಳಿಗೆ ಪುಸ್ತಕ ಹಾಗೂ ಕೈಬರಹಕ್ಕೆ ಮತ್ತೆ ಒತ್ತು ಕೊಡಲು ಮುಂದಾಯಿತು.

ಪಾಲಕರು ಕೇಳಬೇಕಾದ ಪ್ರಶ್ನೆಗಳು

‘ನಮ್ಮಲ್ಲಿ ಟ್ಯಾಬ್ಲೆಟ್ ಶಿಕ್ಷಣವಿದೆ’ ಎಂದು ಶಾಲೆಯವರು ಹೇಳಿದಾಗ ತಂದೆತಾಯಿಗಳು ಮಾರುಹೋಗುವುದೂ ಬೇಡ, ಮೂಗು ಮುರಿಯುವುದೂ ಬೇಡ. ಎರಡು ಮೂರು ಪ್ರಶ್ನೆ ಕೇಳಿದರೆ ಸಾಕು. ಮಕ್ಕಳ ಉತ್ತರ ನೋಡಿ ಮರುದಿನದ ಪಾಠದಲ್ಲಿ ಏನು ಬದಲಾಗುತ್ತದೆ? ಅಂಕದ ಪಟ್ಟಿ ಎಲ್ಲರಿಗೂ ಕಾಣುತ್ತದೆಯೇ? ಮಗುವಿನ ಉತ್ತರ, ಚಿತ್ರ, ಧ್ವನಿ ಯಾರ ಬಳಿ, ಎಷ್ಟು ಕಾಲ ಇರುತ್ತವೆ? ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕೇಳುವುದು ಅಧಿಕಪ್ರಸಂಗವಲ್ಲ.

ಮನೆಯಲ್ಲಿ ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಎಷ್ಟು ಅಂಕ ಬಂತು?’ ಎಂಬುದರ ಬದಲು ‘ಇವತ್ತು ಯಾವುದು ತಪ್ಪಾಯಿತು? ಏಕೆ ತಪ್ಪೆಂದು ಗೊತ್ತಾಯಿತೇ?’ ಎಂದು ಕೇಳಿ ನೋಡಬಹುದು. ಇದಕ್ಕೆ ಟ್ಯಾಬ್ಲೆಟ್ ಬೇಕಿಲ್ಲ, ವಿದ್ಯುತ್ತೂ ಬೇಕಿಲ್ಲ. ತಪ್ಪನ್ನು ಹೇಳಿಕೊಂಡರೆ ಏಟು ಬೀಳುವ ಮನೆಯಲ್ಲಿ ಮಗು ತರಗತಿಯಲ್ಲೂ ಬಾಯಿ ಬಿಡುವುದಿಲ್ಲ. ಅದರ ಎದುರು ಯಾವ ಯಂತ್ರವೂ ಸೋಲುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ತೆರೆಯ ಮೇಲೆ ಊಹೆಯಿಂದ ಬೆರಳಿಟ್ಟು ಹಸಿರು ಗುರುತು ಪಡೆದರೆ ಮೋಸಹೋದವರು ಮೇಷ್ಟರಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಒತ್ತುವುದು ಲೇಸು. ನಿಮ್ಮ ಆ ಒಂದು ಉತ್ತರ ಮೇಷ್ಟರನ್ನು ಅರೆಕ್ಷಣ ನಿಲ್ಲಿಸಿ, ಕರಿಹಲಗೆಯ ಕಡೆ ಮತ್ತೆ ತಿರುಗಿಸಬಹುದು. ಅದರಿಂದ ಲಾಭವಾಗುವುದು ನಿಮಗೊಬ್ಬರಿಗೇ ಅಲ್ಲ. ಕೈಯೆತ್ತಲು ಹೆದರಿ ಕುಳಿತಿದ್ದ ಇನ್ನೂ ಹಲವರಿಗೆ.